ಇದು ಯಾವ ಭಾಷೆ? – ದಕ್ಷಿಣ ಆಫ್ರಿಕಾದ ಹೌಸ್ ಸಂಗೀತ ಮತ್ತು ಅದರ ನುಡಿಗಳು

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲೇ ಹಾಡು ಹಾಕಿಬಿಟ್ಟೆ. ಹಿಂದಿನ ಸಾಲಿನಲ್ಲಿರುವ ಇಬ್ಬರು ಹುಡುಗಿಯರು ಕೂತಲ್ಲೇ ಕಾಲು ಆಡಿಸಿದ್ದನ್ನು ನೋಡಿದೆ. ನಿಮಗೆ ಹಾಡು ನೆನಪಿದೆ ಎಂದಾಯಿತು. ‘ಜೆರುಸಲೆಮಾ’, ಹೌಸ್ ಹಾಡು, ಎಂದರೆ ಯಂತ್ರದ ಒಂದೇ ಸಮನೆಯ ಪೆಟ್ಟಿಗೆ ಕುಣಿಯುವ ಸಂಗೀತ. 2019ರ ಕೊನೆಗೆ ಬಂದದ್ದು. ಸಂಗೀತ ಕಟ್ಟಿದವರು ಲಿಂಪೊಪೊ ಪ್ರಾಂತ್ಯದ ಮಾಸ್ಟರ್ ಕೆಜಿ, ಹಾಡಿದವರು ಕ್ವಾಜುಲು-ನಟಾಲ್‌ನ ನೊಮ್ಸೆಬೊ ಜಿಕೊಡೆ. 2020ರ ಫೆಬ್ರವರಿಯಲ್ಲಿ ಅಂಗೋಲಾದ ಲುವಾಂಡಾದಲ್ಲಿ ಒಂದು ನೃತ್ಯ ತಂಡದವರು ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಈ ಹಾಡಿಗೆ ಸಾಲಾಗಿ ಹೆಜ್ಜೆ ಹಾಕಿ ವಿಡಿಯೊ ಹರಿಯಬಿಟ್ಟರು. ಅಷ್ಟರಲ್ಲಿ ಕೋವಿಡ್ ಬಂತು. ಆಸ್ಪತ್ರೆಯ ದಾದಿಯರು, ಪೊಲೀಸರು, ಪಾದ್ರಿಗಳು, ವಿಮಾನದ ಸಿಬ್ಬಂದಿ, ಎಲ್ಲರೂ ಆ ಹೆಜ್ಜೆ ಕಲಿತರು. ಆ ವರ್ಷ ಸೆಪ್ಟೆಂಬರ್ 24ರ ಪರಂಪರೆ ದಿನದಂದು ಎಲ್ಲರೂ ಇದಕ್ಕೆ ಕುಣಿಯಿರಿ ಎಂದು ದಕ್ಷಿಣ ಆಫ್ರಿಕಾದ ಅಧ್ಯಕ್ಷ ರಾಮಫೋಸಾ ಅವರೇ ಕರೆ ಕೊಟ್ಟರು.

ಈಗ ನಿಮಗೊಂದು ಪ್ರಶ್ನೆ. ಇದು ಯಾವ ಭಾಷೆ?

ಯಾರೋ ‘ಆಫ್ರಿಕನ್’ ಎಂದರು. ಬೇಸರವಿಲ್ಲ, ಇದೇ ಉತ್ತರ ಎಲ್ಲ ಕಡೆ ಬರುತ್ತದೆ. ಆದರೆ ಒಂದು ಕ್ಷಣ ಯೋಚಿಸಿ. ನಮ್ಮ ಹಾಡನ್ನು ಕೇಳಿದ ಪರದೇಶದವರು ‘ಇದು ಏಷ್ಯನ್ ಭಾಷೆ’ ಎಂದರೆ ನಮಗೆ ಹೇಗಾಗುತ್ತದೆ? ಇದು ಜುಲು. ಅವರ ಬಾಯಲ್ಲಿ ‘ಇಸಿಜುಲು’. ದಕ್ಷಿಣ ಆಫ್ರಿಕಾದ 2022ರ ಜನಗಣತಿಯ ಪ್ರಕಾರ ಅಲ್ಲಿನ ಶೇ. 24.4 ಮಂದಿಯ ಮನೆಮಾತು. ಇಂಗ್ಲಿಷನ್ನು ಮನೆಯಲ್ಲಿ ಆಡುವವರು ಶೇ. 8.7 ಮಾತ್ರ.

ಹಾಡು ಏನು ಹೇಳುತ್ತದೆ ಗೊತ್ತೆ? ಜೆರುಸಲೇಮು ನನ್ನ ಮನೆ, ನನ್ನನ್ನು ಕಾಯಿ, ನನ್ನ ಜೊತೆ ನಡೆ, ನನ್ನನ್ನು ಇಲ್ಲೇ ಬಿಟ್ಟುಹೋಗಬೇಡ. ಅದೊಂದು ಪ್ರಾರ್ಥನೆ. ತೀವ್ರ ನಿಗಾ ಘಟಕದ ಪಾಳಿ ಮುಗಿಸಿ ಆಸ್ಪತ್ರೆಯ ಅಂಗಳದಲ್ಲಿ ಕುಣಿದ ಎಷ್ಟೋ ದಾದಿಯರು ‘ಬಿಟ್ಟುಹೋಗಬೇಡ’ ಎಂಬ ಮಾತಿಗೆ ಹೆಜ್ಜೆ ಹಾಕುತ್ತಿದ್ದರು, ಅದು ಅವರಿಗೆ ಗೊತ್ತೇ ಇರಲಿಲ್ಲ. ನನಗೆ ಅರ್ಥ ತಿಳಿದ ದಿನ ಆ ವಿಡಿಯೊಗಳನ್ನು ಮತ್ತೆ ನೋಡಿದೆ. ಕಣ್ಣು ತುಂಬಿ ಬಂತು.

ನಾನು ಸಂಗೀತಗಾರನಲ್ಲ. ಕೆಲಸದ ಮೇಲೆ ನಾಲ್ಕು ವರ್ಷ ಜೊಹಾನ್ಸ್‌ಬರ್ಗಿನಲ್ಲಿದ್ದೆ. ಅಲ್ಲಿ ಟ್ಯಾಕ್ಸಿ ಎಂದರೆ ಹದಿನೈದು ಜನ ಹತ್ತುವ ಬಿಳಿ ವ್ಯಾನು. ಹಿಂದಿನ ಸೀಟಿನವರು ದುಡ್ಡನ್ನು ಕೈಯಿಂದ ಕೈಗೆ ದಾಟಿಸಿ ಡ್ರೈವರಿಗೆ ಮುಟ್ಟಿಸುತ್ತಾರೆ, ಚಿಲ್ಲರೆಯೂ ಹಾಗೇ ವಾಪಸು ಬರುತ್ತದೆ. ಸೀಟಿನ ಕೆಳಗೆ ಸ್ಪೀಕರು. ಬೆಳಿಗ್ಗೆ ಆರೂವರೆಗೇ ಹೌಸ್ ಶುರು. ಬೇಸು ನಿಮ್ಮ ಬೆನ್ನುಮೂಳೆಯಲ್ಲಿ ಹತ್ತಿ ಬರುತ್ತದೆ. ಒಂದು ದಿನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅಲ್ಲಿ ಅಜ್ಜಿಗೆ ‘ಗೋಗೊ’ ಎನ್ನುತ್ತಾರೆ, ಗುರುತಿಲ್ಲದವರನ್ನೂ ಹಾಗೇ ಕರೆಯುತ್ತಾರೆ, ನಾವು ಅಜ್ಜಿ, ಅಕ್ಕ, ಅಣ್ಣ ಎಂದು ಕರೆಯುವ ಹಾಗೆ. ಮಡಿಲಲ್ಲಿ ಎಲೆಕೋಸಿನ ಚೀಲ ಇಟ್ಟುಕೊಂಡು, ಮೊಮ್ಮಗನ ವಯಸ್ಸಿನವರ ಆ ಹಾಡಿಗೆ ತುಟಿ ಆಡಿಸುತ್ತಿದ್ದರು. ‘ಗೋಗೊ, ಏನು ಹೇಳ್ತಿದೆ ಹಾಡು?’ ಎಂದು ಅರೆಬರೆ ಜುಲುವಿನಲ್ಲಿ ಕೇಳಿದೆ. ಅವರು ಒಂದೊಂದೇ ಪದ ಬಿಡಿಸಿ ಹೇಳಿದರು. ಆಮೇಲೆ ನನ್ನ ಬಾಯಲ್ಲಿ ಹೇಳಿಸಿದರು. ನಾನು ತಪ್ಪಿದೆ, ವ್ಯಾನಿನವರೆಲ್ಲ ತಿದ್ದಿದರು. ಇವತ್ತಿನ ಮಾತು ಶುರುವಾದದ್ದು ಆ ವ್ಯಾನಿನಲ್ಲಿ.

ಈಗ ಸ್ವಲ್ಪ ವ್ಯಾಕರಣ. ಹೆದರಬೇಡಿ, ನಿಮಗೆ ಗೊತ್ತಿರುವ ವ್ಯಾಕರಣವೇ.

ಜುಲುವಿನ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಹೊರಗಿನಿಂದ ಬಂದ ಪದಕ್ಕೂ ಬಾಲ ಹಚ್ಚುತ್ತಾರೆ. ಬಸ್ಸಿಗೆ ‘ಇಭಾಸಿ’, ಸ್ಕೂಲಿಗೆ ‘ಇಸಿಕೋಲೆ’. ನಾವೂ ಬಸ್ ಎನ್ನುವುದನ್ನು ಬಸ್ಸು ಮಾಡಿಕೊಂಡೆವಲ್ಲ, ಅದೇ ಕೆಲಸ. ಹಾಡುವವರಿಗೆ ಇದು ದೊಡ್ಡ ವರ. ವ್ಯಂಜನದಲ್ಲಿ ಮುಗಿದ ಪದ ಬಾಗಿಲು ಹಾಕಿಬಿಡುತ್ತದೆ, ಸ್ವರದಲ್ಲಿ ಮುಗಿದದ್ದನ್ನು ಎಷ್ಟು ಬೇಕಾದರೂ ಎಳೆಯಬಹುದು. ಕಂಪ್ಯೂಟರಿನಲ್ಲಿ ದನಿಯನ್ನು ತುಂಡು ಮಾಡಿ ಮತ್ತೆ ಮತ್ತೆ ಕೇಳಿಸುವುದು ಹೌಸ್ ಸಂಗೀತದ ಮುಖ್ಯ ಕಸುಬು. ಒಂದು ವ್ಯಂಜನ ಒಂದು ಸ್ವರ ಎಂದು ಸಾಗುವ ಭಾಷೆಯನ್ನು ಎಲ್ಲಿ ತುಂಡರಿಸಿದರೂ ಅಂಚು ಹರಿಯುವುದಿಲ್ಲ.

ಇನ್ನೊಂದು. ಮಾತು ಮುಗಿಯುವ ಪದದಲ್ಲಿ ಕೊನೆಯ ಅಕ್ಷರದ ಹಿಂದಿನದನ್ನು ಜುಲು ಭಾಷಿಕರು ಎಳೆಯುತ್ತಾರೆ. ಬರಿ ಮಾತಿನಲ್ಲೇ ಸಾಲಿನ ಕೊನೆಗೊಂದು ತೂಕ ಬೀಳುತ್ತದೆ. ನಿಮಿಷಕ್ಕೆ 120ರ ಆಸುಪಾಸಿನಲ್ಲಿ ಒಂದೇ ಸಮನೆ ಬೀಳುವ ಹೌಸ್‌ನ ಪೆಟ್ಟಿನ ಮೇಲೆ ಆ ಎಳೆತ ಬಂದು ಕೂತಾಗ ತಾಳಕ್ಕೆ ಮಾತೇ ಆಕಾರ ಕೊಡುತ್ತದೆ.

‘ಅಬಂತು ಅಬನಿಂಗಿ ಬಯಚೂಲ.’ ಬಹಳ ಜನ ಹಾಡುತ್ತಿದ್ದಾರೆ ಎಂದರ್ಥ. ಕಿವಿಗೊಟ್ಟು ಕೇಳಿ. ‘ಅಬಂತು’ ಎಂದರೆ ಜನ. ಆ ಪದದೊಳಗಿನ ‘ಬ’ ವಿಶೇಷಣಕ್ಕೂ ಹತ್ತುತ್ತದೆ, ಕ್ರಿಯಾಪದಕ್ಕೂ ಹತ್ತುತ್ತದೆ. ಅದು ಅವರ ವ್ಯಾಕರಣದ ನಿಯಮ, ಬೇಡವೆಂದರೂ ತಪ್ಪಿಸಿಕೊಳ್ಳುವಂತಿಲ್ಲ. ಮೊದಲೆರಡು ಪದಗಳಲ್ಲಿ ಎರಡನೇ ಅಕ್ಷರ ನೋಡಿ: ‘ಬ’, ‘ಬ’. ನಮ್ಮ ಹಳೆಯ ಕವಿಗಳು ಪಾದ ಪಾದಕ್ಕೂ ಹಟ ಹಿಡಿದು ತರುತ್ತಿದ್ದ ದ್ವಿತೀಯಾಕ್ಷರ ಪ್ರಾಸ ಅಲ್ಲಿ ಸಂತೆಯಲ್ಲಿ ತರಕಾರಿ ಕೊಳ್ಳುವಾಗಲೂ ಬಾಯಿಗೆ ಬರುತ್ತದೆ.

ಬ್ರೆಂಡಾ ಫಾಸಿ ಎಂಬ ಮಹಾಗಾಯಕಿ ಇದ್ದರು. ಕೇಪ್‌ಟೌನ್ ಪಕ್ಕದ ಲಾಂಗಾದವರು, 2004ರಲ್ಲಿ ತೀರಿಕೊಂಡರು. 1997ರ ‘ಮೆಮೆಜಾ’ ಆಲ್ಬಮ್ಮಿನಲ್ಲಿ ಅವರ ‘ವುಲಿಂದ್ಲೇಲ’ ಇದೆ. ಆ ಪದ ಬಿಡಿಸಿ: ‘ವುಲ’ ಎಂದರೆ ತೆರೆ, ‘ಇಂದ್ಲೇಲ’ ಎಂದರೆ ದಾರಿ. ವುಲ + ಇಂದ್ಲೇಲ = ವುಲಿಂದ್ಲೇಲ. ಹೈಸ್ಕೂಲಿನಲ್ಲಿ ಊರು + ಅಲ್ಲಿ = ಊರಲ್ಲಿ ಎಂದು ಬಾಯಿಪಾಠ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಲೋಪಸಂಧಿ! ನಮ್ಮ ಕನ್ನಡಕ್ಕೂ ಜುಲುವಿಗೂ ನಂಟಿಲ್ಲ, ಕುಲ ಬೇರೆ, ಖಂಡ ಬೇರೆ. ಆದರೂ ಎರಡು ಸ್ವರ ಎದುರಾದಾಗ ಒಂದು ದಾರಿ ಬಿಡುವ ಸೌಜನ್ಯ ಎರಡರಲ್ಲೂ ಇದೆ. ಹೌಸ್‌ನ ಬಿರುಸಿನಲ್ಲಿ ಹಾಡಿನ ಸಾಲು ಎಲ್ಲೂ ಮುಗ್ಗರಿಸದೆ ಹರಿಯುವುದಕ್ಕೆ ಈ ಸಂಧಿಯೂ ಒಂದು ಕಾರಣ.

ಇನ್ನು ಆ ಭಾಷೆಯ ಚಟಪಟ ಸದ್ದುಗಳಿಗೆ ಬರೋಣ. ‘ಬಯಚೂಲ’ ಎಂದೆನಲ್ಲ, ಅದನ್ನು ನಾನು ಬರೆದದ್ದು ತಪ್ಪು. ಕನ್ನಡ ಲಿಪಿಯಲ್ಲಿ ಆ ಅಕ್ಷರವಿಲ್ಲ. ಅಯ್ಯೋ ಪಾಪ ಎಂದು ಮರುಗುವಾಗ ನಾಲಿಗೆಯಲ್ಲಿ ಲೊಚಗುಟ್ಟುತ್ತೀರಲ್ಲ, ಆ ಸದ್ದು ಅಲ್ಲಿ ಒಂದು ವ್ಯಂಜನ. ಎತ್ತನ್ನು ಹುರಿದುಂಬಿಸಲು ಗಾಡಿ ಹೊಡೆಯುವವರು ಕೆನ್ನೆಯ ಒಳಗಿಂದ ಮಾಡುವ ಸದ್ದು ಎರಡನೆಯದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಬಾಟಲಿಯ ಬಿರಡೆ ಕಿತ್ತಂತೆ ‘ಟೊಕ್’ ಎನ್ನಿಸುವುದು ಮೂರನೆಯದು. ನಮ್ಮಲ್ಲಿ ಇವು ಭಾಷೆಯ ಹೊಸ್ತಿಲಾಚೆ ಉಳಿದವು. ಅಲ್ಲಿ ಒಳಗೆ ಬಂದು ಕೂತಿವೆ. ‘ಹಾಡು’ ಎಂಬ ಕ್ರಿಯಾಪದವೇ ಲೊಚಗುಟ್ಟುವ ಸದ್ದಿನಿಂದ ಶುರುವಾಗುತ್ತದೆ.

ಡರ್ಬನ್ನಿನ ಉಮ್ಲಾಜಿ, ಕ್ವಾಮಾಶು ಬಡಾವಣೆಗಳಲ್ಲಿ ಸುಮಾರು 2010ರಿಂದೀಚೆಗೆ ಹುಡುಗರು ಮನೆಯ ಕಂಪ್ಯೂಟರುಗಳಲ್ಲೇ ಹೌಸ್‌ನ ಒಂದು ಒರಟು ಬಗೆಯನ್ನು ಕಟ್ಟಿದರು. ಹೆಸರು ‘ಗ್ಕೊಮ್’. ಮೊದಲಲ್ಲೇ ಆ ಬಿರಡೆ ಕಿತ್ತ ಸದ್ದು ಇರಬೇಕು. ರೇಡಿಯೊದವರು ಹಾಕದಿದ್ದಾಗ ಇದನ್ನು ಊರಿಗೆಲ್ಲ ಹಂಚಿದ್ದು ಅದೇ ಬಿಳಿ ವ್ಯಾನಿನ ಡ್ರೈವರುಗಳು. ಗ್ಕೊಮ್ ಎಂದರೆ ಡೋಲಿನ ಪೆಟ್ಟು ಬಿದ್ದ ಸದ್ದು. ನಾವು ಅನುಕರಣಾವ್ಯಯ ಎನ್ನುತ್ತೇವೆ: ದಡ್, ಢಣ್, ಗುಡುಗುಡು. ಜುಲುವಿನಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ, ಮತ್ತು ಅವನ್ನು ವಾಕ್ಯಕ್ಕೆ ಸೇರಿಸಲು ಬಳಸುವ ಕ್ರಿಯಾಪದ ‘ಉಕುಥಿ’. ಅದರ ಅರ್ಥ ‘ಎನ್ನು’! ಬಾಗಿಲು ದಡ್ ಎಂದಿತು, ಗಂಟೆ ಢಣ್ ಎಂದಿತು ಎಂದು ನಾವು ಹೇಳುವ ಕ್ರಮದಲ್ಲೇ ಅವರೂ ಹೇಳುತ್ತಾರೆ. ಸದ್ದು ಮಾತಾಡುತ್ತದೆ ಎಂಬ ನಂಬಿಕೆ ಇಬ್ಬರಿಗೂ ಇದೆ. ಸದ್ದನ್ನೇ ಮಾತು ಎನ್ನುವ ಭಾಷೆಯವರು ಡ್ರಮ್ ಮಷೀನು ಕೈಗೆ ಬಂದಾಗ ಅದಕ್ಕೊಂದು ಬಾಯಿ ಕೊಟ್ಟದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

‘ಅಮಾಪಿಯಾನೊ’ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರು ರೀಲ್ಸಿನಲ್ಲಿ ನೋಡಿರುತ್ತೀರಿ. ಅದೂ ಹೌಸ್‌ನ ಮಗುವೇ, ನಡೆ ಸ್ವಲ್ಪ ನಿಧಾನ. ‘ಅಮಾ’ ಬಹುವಚನದ ಪ್ರತ್ಯಯ. ಪಿಯಾನೊಗಳು ಎಂದರ್ಥ, ಅಷ್ಟೆ. ನಾವು ಹಿಂದೆ ಹಚ್ಚುತ್ತೇವೆ, ಅವರು ಮುಂದೆ ಹಚ್ಚುತ್ತಾರೆ.

ಹೌಸ್ ಹುಟ್ಟಿದ್ದು ಅಮೆರಿಕದ ಷಿಕಾಗೋದಲ್ಲಿ, ಅಲ್ಲಿನ ಕಪ್ಪು ಜನರ ಕ್ಲಬ್ಬುಗಳಲ್ಲಿ. ದಕ್ಷಿಣ ಆಫ್ರಿಕಾಕ್ಕೆ ಅದರ ಗ್ರಾಮಫೋನ್ ತಟ್ಟೆಗಳು ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಆ ಹೊತ್ತಿಗೆ ಅಲ್ಲಿ ಭಾಷೆ ಎಂಬುದು ಎಂಥ ಗಾಯವಾಗಿತ್ತು ಎಂದು ತಿಳಿಯದಿದ್ದರೆ ಈ ಹಾಡುಗಳ ಬೆಲೆ ತಿಳಿಯುವುದಿಲ್ಲ. 1976ರ ಜೂನ್ 16ರಂದು ಜೊಹಾನ್ಸ್‌ಬರ್ಗಿನ ಕಪ್ಪು ಜನರ ಬಡಾವಣೆ ಸೊವೆಟೊದ ಶಾಲಾಮಕ್ಕಳು ಬೀದಿಗಿಳಿದದ್ದು ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಪಾಠ ಕಲಿಯಬೇಕೆಂಬ ಹೇರಿಕೆಯ ವಿರುದ್ಧ. ಪೊಲೀಸರು ಗುಂಡು ಹಾರಿಸಿದರು. ಹಾಗೆಂದು ವರ್ಣಭೇದದ ಆ ಬಿಳಿಯರ ಸರ್ಕಾರ ಜುಲು, ಖೋಸಾ, ಸೋಥೊ ಭಾಷೆಗಳನ್ನು ಬಾನುಲಿಯಲ್ಲಿ ನಿಷೇಧಿಸಿರಲಿಲ್ಲ. ಇನ್ನೂ ಜಾಣತನದ ಕೆಲಸ ಮಾಡಿತ್ತು. ‘ರೇಡಿಯೊ ಬಾಂಟು’ ಎಂಬ ಹೆಸರಿನಡಿ ಒಂದೊಂದು ಭಾಷೆಗೆ ಒಂದೊಂದು ಸೇವೆ ತೆರೆದು ಜನರನ್ನು ಬೇಲಿ ಹಾಕಿ ಬೇರೆ ಮಾಡಿತು. ಭಾಷೆಗಳು ಬೆರೆತ ಹಾಡಾದರೆ ಬಾಗಿಲು ಬಂದ್. ಬಿಳಿಯ ಜಾನಿ ಕ್ಲೆಗ್ ಮತ್ತು ಜುಲು ಗಾಯಕ ಸಿಫೊ ಮ್ಚುನು ಕಟ್ಟಿದ ಜುಲುಕಾ ತಂಡದ ಹಾಡುಗಳು ಬಾನುಲಿಗೆ ಬೇಡವಾದದ್ದಕ್ಕೆ ಈ ಬೆರಕೆಯೂ ಒಂದು ಕಾರಣ.

ಆದರೆ ಸೊವೆಟೊದ ಓಣಿಯ ಮಾತು ಬೆರಕೆಯದೇ. ಒಂದು ವಾಕ್ಯದಲ್ಲಿ ಜುಲು, ಸೋಥೊ, ಇಂಗ್ಲಿಷು, ಆಫ್ರಿಕಾನ್ಸು ಎಲ್ಲ ಇರುತ್ತವೆ. ತೊಂಬತ್ತರ ದಶಕದ ಮೊದಲಲ್ಲಿ ಅಲ್ಲಿನ ಹುಡುಗರು ಹೌಸ್ ತಟ್ಟೆಗಳ ವೇಗ ಇಳಿಸಿ, ಅದರ ಮೇಲೆ ಈ ಓಣಿಮಾತನ್ನು ಕೂಗಿ ಹೇಳಿದರು. ಅದೇ ‘ಕ್ವೈಟೊ’. ಕ್ಲಬ್ಬಿನ ಹೊರಗೆ ಸಾಸೇಜ್ ಮಾರುತ್ತಿದ್ದ ಓಸ್ಕಿಡೊ ಮುಂದೆ ಡಿಜೆಯಾಗಿ, ಕಲಾವಾ ಸಂಸ್ಥೆ ಕಟ್ಟಿ ಆ ಸಂಗೀತದ ಹಿರಿಯಣ್ಣನಾದರು. 1995ರಲ್ಲಿ ಆರ್ಥರ್ ಮಫೊಕಾಟೆ, ಕಪ್ಪು ಜನರನ್ನು ಕರೆಯಲು ಬಿಳಿಯ ಧಣಿಗಳು ಬಳಸುತ್ತಿದ್ದ ಬೈಗುಳವನ್ನೇ ಹಾಡಿನ ಹೆಸರು ಮಾಡಿ, ನನ್ನನ್ನು ಹಾಗೆ ಕರೆಯಬೇಡ ಎಂದು ಹಾಡಿದರು. ಜನ ಅದಕ್ಕೆ ಕುಣಿದರು. ಹಿಂದಿನ ವರ್ಷವಷ್ಟೇ ಮೊದಲ ಬಾರಿಗೆ ವೋಟು ಹಾಕಿದ್ದ ಜನ ಅವರು. ಮರುವರ್ಷ ಬಂದ ಸಂವಿಧಾನ 11 ಭಾಷೆಗಳನ್ನು ಅಧಿಕೃತ ಎಂದಿತು. 2023ರಲ್ಲಿ ಸನ್ನೆಭಾಷೆ 12ನೆಯದಾಯಿತು.

ಆ ಪಟ್ಟಿಯಲ್ಲಿ ಇಲ್ಲದ ಒಂದು ನುಡಿಯ ವಿಷಯ ಹೇಳಲೇಬೇಕು, ನನಗೆ ಬಹಳ ಹತ್ತಿರದ್ದು. ಲಿಂಪೊಪೊದಲ್ಲಿ ಬಲೊಬೆಡು ಎಂಬ ಜನರಿದ್ದಾರೆ. ಮಳೆ ತರಿಸುವ ಶಕ್ತಿ ಉಳ್ಳವರೆಂದು ನಂಬಲಾದ ಮೊಜಾಜಿ ರಾಣಿಯರ ಮನೆತನ ಅವರದು. ಅವರ ಮಾತು ಖೆಲೊಬೆಡು. ಶಾಲೆಯಲ್ಲಿ ಅದಿಲ್ಲ, ಮಕ್ಕಳು ಕಲಿಯುವುದು ಸೆಪೆಡಿ. ಮನೆಯಲ್ಲಿ ಆಡುವುದನ್ನು ಶಾಲೆಯಲ್ಲಿ ಬರೆಯುವಂತಿಲ್ಲ. ತುಳು ಮನೆಮಾತಿನವರು ಇಲ್ಲಿದ್ದರೆ ಅವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಸೀಮೆಯಲ್ಲೇ ‘ಬೊಲೊಬೆಡು ಹೌಸ್’ ಹುಟ್ಟಿತು. ಮಾಸ್ಟರ್ ಕೆಜಿಯ ಸಂಗೀತಕ್ಕೂ ಇದೇ ನೆಲ. ಕಿಂಗ್ ಮೊನಾಡಾ ಎಂಬ ಗಾಯಕ 2018ರಲ್ಲಿ ‘ಮಲ್ವೆಡೆ’ ಹಾಡನ್ನು ಖೆಲೊಬೆಡುವಿನಲ್ಲೇ ಹಾಡಿದರು. ನೀನು ಮೋಸ ಮಾಡಿದರೆ ನಾನು ಮೂರ್ಛೆ ಹೋಗುತ್ತೇನೆ ಎನ್ನುವ ಪ್ರೇಮಿಯ ಹಾಡು. ದೇಶದ ತುಂಬ ಜನ ಮದುವೆ ಮನೆಗಳಲ್ಲಿ, ಅಂಗಡಿಗಳಲ್ಲಿ ಆ ಸಾಲು ಬಂದ ಕೂಡಲೇ ಧೊಪ್ಪನೆ ಬಿದ್ದು ವಿಡಿಯೊ ಮಾಡಿದರು. ಪಠ್ಯಪುಸ್ತಕಕ್ಕೆ ಬೇಡವಾದ ನುಡಿಯಲ್ಲಿ ಜುಲು ಮಾತಿನವರೂ ಖೋಸಾ ಮಾತಿನವರೂ ಸಾಲು ಸಾಲಾಗಿ ಹಾಡಿದರು. ಸರ್ಕಾರಿ ಆದೇಶದಿಂದ ಇದು ಆಗುತ್ತಿತ್ತೆ?

ಬ್ಲ್ಯಾಕ್ ಕಾಫಿ ಎಂಬ ಹೆಸರಿನ ಡಿಜೆ ಈ ಸಂಗೀತವನ್ನು ಲೋಕದ ದೊಡ್ಡ ವೇದಿಕೆಗಳಿಗೆ ಒಯ್ದವರು. 1990ರ ಫೆಬ್ರವರಿಯಲ್ಲಿ, ಮಂಡೇಲಾ ಬಿಡುಗಡೆಯ ಹಿಂದಿನ ರಾತ್ರಿ, ಸಂಭ್ರಮಿಸುತ್ತಿದ್ದ ಗುಂಪಿನ ಮೇಲೆ ಕಾರು ನುಗ್ಗಿತು. ಆಗ ಹದಿಮೂರರ ಹುಡುಗನಾಗಿದ್ದ ಅವರ ಎಡಗೈ ಶಕ್ತಿ ಕಳೆದುಕೊಂಡಿತು. ಅವರು ಒಂದೇ ಕೈಯಲ್ಲಿ ತಟ್ಟೆ ತಿರುಗಿಸುವುದನ್ನು ಕಲಿತರು. 2005ರ ಮೊದಲ ಆಲ್ಬಮ್ಮಿಗೆ ಅವರು ಆರಿಸಿಕೊಂಡದ್ದು ಹ್ಯೂ ಮಸಕೆಲಾ ಅವರ ‘ಸ್ಟಿಮೆಲಾ’ – ಸುತ್ತಲಿನ ದೇಶಗಳಿಂದ ಕೂಲಿಗಳನ್ನು ಹೊತ್ತು ಜೊಹಾನ್ಸ್‌ಬರ್ಗಿನ ಗಣಿಗಳಿಗೆ ತರುತ್ತಿದ್ದ ಕಲ್ಲಿದ್ದಲು ರೈಲಿನ ಹಾಡು. ಅಜ್ಜಂದಿರು ಬಂದಿಳಿದ ರೈಲಿಗೆ ಮೊಮ್ಮಕ್ಕಳು ಕುಣಿಯುವ ಹಾಗೆ ಮಾಡಿದರು. 2022ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ಗ್ರ್ಯಾಮಿ ಪಡೆದ ಆ ಆಲ್ಬಮ್ಮಿನ ಬಹುಪಾಲು ಹಾಡುಗಳು ಇಂಗ್ಲಿಷಿನಲ್ಲಿವೆ. ಅವರ ಬಗ್ಗೆ ನನಗೆ ಅಪಾರ ಗೌರವ, ಆದರೂ ಇದು ನನ್ನನ್ನು ಚುಚ್ಚುತ್ತದೆ. ಮರುವರ್ಷ ನೊಮ್ಸೆಬೊ, ಜೇಕ್ಸ್ ಬಾಂಟ್ವಿನಿ ಮತ್ತು ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಅವರ ‘ಬಯೇಥೆ’ಗೆ ಗ್ರ್ಯಾಮಿ ಬಂದಾಗ ಮನಸ್ಸಿಗೆ ಸಮಾಧಾನವಾಯಿತು. ಬಯೇಥೆ ಎಂದರೆ ಜುಲು ಅರಸರಿಗೆ ಸಲ್ಲಿಸುವ ವಂದನೆ. ಈ ಕೆಲ್ಲರ್‌ಮನ್ ನಮಗೆ ಹೊರಗಿನವರಲ್ಲ. 2015ರಲ್ಲಿ ನಮ್ಮ ಬೆಂಗಳೂರಿನ ರಿಕ್ಕಿ ಕೇಜ್ ಜೊತೆ ಗ್ರ್ಯಾಮಿ ಹಂಚಿಕೊಂಡವರು ಅವರೇ.

ಪಶ್ಚಿಮ ಆಫ್ರಿಕಾದ ಕಥೆ ಬೇರೆಯೇ ಒಂದು ಸಂಜೆ ಬೇಡುತ್ತದೆ. ಮಾಲಿಯ ಗಾಯಕಿ ಫಾತುಮಾತಾ ಜವಾರಾ ಅವರ ಹೆಸರನ್ನಷ್ಟೇ ಹೇಳುತ್ತೇನೆ. 2018ರಲ್ಲಿ ಇಂಗ್ಲೆಂಡಿನ ಡಿಸ್ಕ್ಲೋಷರ್ ಜೋಡಿ ಅವರ ದನಿಯನ್ನು ತುಂಡರಿಸಿ ಹೌಸ್ ಹಾಡು ಮಾಡಿತು, 2020ರಲ್ಲಿ ಅದೇ ಜೋಡಿಯೊಂದಿಗೆ ‘ದೌಹಾ’ ಎಂಬ ಹಾಡು ಬಂತು. ತುಂಡಾಗಿ ಬಂದವರು ಎರಡನೇ ಸಲ ಜೊತೆಗಾರರಾಗಿ ಬಂದರು. ನನಗೆ ಮುಖ್ಯವಾದದ್ದು ಅದು.

ಯಾಕೆ ಮುಖ್ಯ ಎಂದರೆ, ಹಾಗಾಗದ ಕಥೆಗಳೇ ಹೆಚ್ಚು. 1939ರಲ್ಲಿ ಸಾಲೊಮನ್ ಲಿಂಡಾ ಎಂಬ ಜುಲು ಗಾಯಕ ಜೊಹಾನ್ಸ್‌ಬರ್ಗಿನಲ್ಲಿ ‘ಎಂಬುಬೆ’ ಧ್ವನಿಮುದ್ರಿಸಿದರು. ಎಂಬುಬೆ ಎಂದರೆ ಸಿಂಹ. ‘ಉಯಿಂಬುಬೆ’, ನೀನು ಸಿಂಹ, ಎಂಬ ಅವರ ಪಲ್ಲವಿ ಅಮೆರಿಕದ ಗಾಯಕರ ಕಿವಿಗೆ ‘ವಿಮೊವೆ’ ಎಂದು ಕೇಳಿಸಿತು. ಅದಕ್ಕೆ ಅರ್ಥವೇ ಇಲ್ಲ. ಅರ್ಥವಿಲ್ಲದ ಆ ಪದವನ್ನು ಇಡೀ ಲೋಕ ಹಾಡಿತು, ಹಣ ಹರಿಯಿತು. ಲಿಂಡಾ 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಹೆಣ್ಣುಮಕ್ಕಳಿಗೆ ನ್ಯಾಯ ಸಿಕ್ಕಿ ರಾಜಿಯಾದದ್ದು 2006ರಲ್ಲಿ. ಇವತ್ತು ಅಂತರ್ಜಾಲದಲ್ಲಿ ಹೌಸ್ ಸಂಗೀತ ಮಾಡುವವರಿಗೆಂದು ದನಿಗಳ ಪೊಟ್ಟಣ ಮಾರುತ್ತಾರೆ. ಮೇಲೆ ‘ಆಫ್ರಿಕನ್ ವೋಕಲ್’, ‘ಟ್ರೈಬಲ್ ಚಾಂಟ್’ ಎಂಬ ಚೀಟಿ. ಎಷ್ಟೋ ಪೊಟ್ಟಣಗಳಲ್ಲಿ ಭಾಷೆಯ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಜುಲುವಿನಲ್ಲಿ ‘ಇನ್ಯಾಂಗ’ ಎಂದರೆ ಚಂದ್ರ. ಸ್ವರದ ಏರಿಳಿತ ಬದಲಾದರೆ ಅದೇ ಪದಕ್ಕೆ ನಾಟಿ ವೈದ್ಯ ಎಂದರ್ಥ. ಅಂಥ ಭಾಷೆಯ ದನಿಯನ್ನು ಕಂಪ್ಯೂಟರಿನಲ್ಲಿ ಮನಬಂದಂತೆ ಏರಿಸಿ ಇಳಿಸಿದರೆ ಏನಾಗುತ್ತದೆಂದು ನೀವೇ ಊಹಿಸಿ. ಅವರೇನು ಹೇಳುತ್ತಿದ್ದಾರೆ ಎಂದು ಕೇಳದೆ ಅವರ ದನಿಯನ್ನು ಬಳಸುವುದು ನನ್ನ ಲೆಕ್ಕದಲ್ಲಿ ಕಳ್ಳತನವೇ, ದುಡ್ಡು ಕೊಟ್ಟಿದ್ದರೂ ಸರಿ.

ಭಾಷೆ ಹೋದರೆ ಏನು ಉಳಿಯುತ್ತದೆ ಎನ್ನುವುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು, ಬಹಳಷ್ಟು ಮಂದಿ ಗುಲಾಮರಾಗಿ. ಇವತ್ತು ಅವರು ಕೊಂಕಣಿ, ಕನ್ನಡ ಆಡುತ್ತಾರೆ, ಡಮಾಮಿ ಬಾರಿಸಿ ಕುಣಿಯುತ್ತಾರೆ. ಹಿರಿಯರ ನುಡಿಗಳು ಉಳಿದಿಲ್ಲ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತಕ್ಕೆ ‘ಗೋಮಾ’ ಎನ್ನುತ್ತಾರೆ. ಸ್ವಾಹಿಲಿಯಲ್ಲಿ ‘ಎನ್ಗೋಮ’ ಎಂದರೆ ಡೋಲು, ಜುಲುವಿನಲ್ಲಿ ‘ಇಂಗೋಮ’ ಎಂದರೆ ಹಾಡು. ಅಷ್ಟು ದೊಡ್ಡ ಸಮುದ್ರ ದಾಟಿ ಇಷ್ಟು ಶತಮಾನ ಆ ಪದ ಉಳಿದುಬಂದಿದೆ. ಗೋಗೊ ಬಾಯಲ್ಲಿ ಅದನ್ನು ಮೊದಲ ಸಲ ಕೇಳಿದ ದಿನ ನಾನು ವ್ಯಾನಿನಿಂದ ಇಳಿಯುವ ಜಾಗ ಬಿಟ್ಟು ಎರಡು ನಿಲ್ದಾಣ ಮುಂದೆ ಹೋಗಿದ್ದೆ.

ಮಾತು ಸಾಕು. ಈಗ ಬ್ರೆಂಡಾ ಅವರ ‘ವುಲಿಂದ್ಲೇಲ’ ಹಾಕುತ್ತೇನೆ. ತಾಯಿಯೊಬ್ಬಳು ಓಣಿಯ ಚಾಡಿಗಾರ್ತಿಗೆ ಹೇಳುತ್ತಿದ್ದಾಳೆ: ದಾರಿ ಬಿಡು, ಇವತ್ತು ನನ್ನ ಮಗನ ಮದುವೆ. ಹಿಂದಿನ ಸಾಲಿನವರು ಕುರ್ಚಿ ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡರೆ ನಡುವೆ ಜಾಗ ಆಗುತ್ತದೆ.